ಕಡೆಯ ಪಂಕ್ತಿಯ ಹಂಡೆ

ಅಫಜಲಪುರದ ಗುರಮ್ಮನ ಬಗ್ಗೆ ಯಾರೇ ಮಾತಾಡಿದರೂ ಆಕೆಯ ಬದನೆಕಾಯಿ ಪಲ್ಯದಿಂದಲೇ ಶುರು ಮಾಡುತ್ತಾರೆ. ನಾನು ಒಂದು ಬಟ್ಟೆಯ ಗಂಟಿನಿಂದ ಶುರು ಮಾಡುತ್ತೇನೆ. ಆ ಗಂಟು ಬಿಚ್ಚಿಸಿದ ಪಾಪ ನನ್ನದು.

ಗುರಮ್ಮ ಮದುವೆ, ಬಸುರಿಯರ ಕುಬಸ, ಮಠದ ದಾಸೋಹ ಎಂದು ಸಾವಿರಗಟ್ಟಲೆ ಮಂದಿಗೆ ಬೇಯಿಸಿ ಹಾಕುವ ಹೆಂಗಸು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಾಳೆ. ಹಣೆ ತುಂಬ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು, ಮಾತು ಕಡ್ಡಿ ಮುರಿದಂತೆ. ಆಕೆಯ ಜೊತೆ ನಾಲ್ಕು ಮಂದಿ ಹೆಂಗಸರು ದುಡಿಯುತ್ತಾರೆ. ಅವರಲ್ಲಿ ಹಳಬಳು ಮೆಹರಾಜಬೇಗಂ. ಚೀಲಗಟ್ಟಲೆ ಉಳ್ಳಾಗಡ್ಡಿ ಹೆಚ್ಚಿದರೂ ಆಕೆಯ ಕಣ್ಣಲ್ಲಿ ನೀರು ಬರುವುದಿಲ್ಲ. ನಗುವಾಗ ಮಾತ್ರ ಬರುತ್ತದೆ.

ಗುರಮ್ಮನಿಗೆ ಒಂದು ಪದ್ಧತಿ ಇದೆ. ಅಡುಗೆ ಮುಗಿದು ಮೊದಲ ಪಂಕ್ತಿ ಕೂರುವ ಮುನ್ನ ಒಂದು ಹಂಡೆಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಅದರ ಮೇಲೆ ತಾಟು ಮುಚ್ಚಿ, ಒದ್ದೆ ಬಿಳಿ ಬಟ್ಟೆಯಿಂದ ಬಾಯಿ ಬಿಗಿದು, ಗಂಟಿನ ಮೇಲೆ ಒಂದು ಬೆರಳು ವಿಭೂತಿ ಹಚ್ಚುತ್ತಾಳೆ. ಕಡೆಯ ಪಂಕ್ತಿ ಕೂತ ಮೇಲೆಯೇ ಆ ಗಂಟು ಬಿಚ್ಚುವುದು. ಅಷ್ಟರೊಳಗೆ ಮದುಮಗನ ಅಪ್ಪ ಬಂದು ಕೇಳಿದರೂ ಇಲ್ಲ, ಊರ ಗೌಡ ಬಂದು ಕೇಳಿದರೂ ಇಲ್ಲ. "ಅದು ಬಂದೋರ್ದಲ್ರಿ, ಇನ್ನ ಬರೋರ್ದು" ಎನ್ನುತ್ತಾಳೆ. ಕಡೆಯ ಪಂಕ್ತಿಯೆಂದರೆ ನೀರು ಹೊತ್ತವರು, ಎಂಜಲೆಲೆ ಎತ್ತಿದವರು, ಬಾಜಾ ಬಾರಿಸಿದವರು, ದೂರದ ಊರಿನಿಂದ ನಡೆದು ಬಂದವರು.

ಈ ಹಟ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಆಕೆಗೆ ಒಂಬತ್ತು ವರ್ಷವಿದ್ದಾಗ ಕೊಳಕೂರಿನಲ್ಲಿ ಸೋದರಮಾವನ ಮದುವೆ. ತಾಯಿ ಬೆಳಗಿನಿಂದ ಬಾವಿಯಿಂದ ನೀರು ಹೊತ್ತಿದ್ದಾಳೆ. ತಾಯಿ ಮಗಳು ಊಟಕ್ಕೆ ಕೂತಾಗ ಹುಗ್ಗಿ ಇಲ್ಲ, ಪಲ್ಯ ಇಲ್ಲ. ತಳಕ್ಕೆ ಹತ್ತಿದ ಅನ್ನ, ಮೇಲೆ ಉಪ್ಪು. ಅದೇ ಹೊತ್ತಿಗೆ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ, "ಬರೋಬರಿ ಆತು ನೋಡ್ರಿ, ಒಂದ ಅಗಳ ಉಳೀಲಿಲ್ಲ, ಒಂದ ಅಗಳ ಕಡಿಮಿ ಬೀಳಲಿಲ್ಲ" ಎಂದರಂತೆ.

"ಅವತ್ತ ತಿಳೀತ್ರಿ ಸರ," ಎಂದಳು ಗುರಮ್ಮ. "ಲೆಕ್ಕ ಯಾವಾಗ್ಲೂ ಬರೋಬರಿನೇ ಆಗ್ತದ. ಕಡೀಗಿ ಕುಂತೋರ್ನ ಎಣಸಲಿಲ್ಲಂದ್ರ."

ಗಂಡ ತೀರಿಕೊಂಡ ಮೇಲೆ ಆಕೆ ಸೌಟು ಹಿಡಿದಳು. ಅಡುಗೆ ಗೊತ್ತು ಮಾಡಲು ಬಂದವರಿಗೆ ಹೇಳುತ್ತಿದ್ದುದು ಒಂದೇ ಮಾತು: "ಇಪ್ಪತ್ತಾರು ವರ್ಷ ಆತ್ರಿ. ನನ್ನ ಕಡೀ ಪಂಕ್ತಿ ಒಮ್ಮಿನೂ ಉಪಾಸ ಎದ್ದಿಲ್ಲ." ಬೇರೆ ಜಾಹೀರಾತು ಆಕೆಗೆ ಬೇಕಿರಲಿಲ್ಲ. ಆ ಮಾತು ಹೇಳುವಾಗ ಆಕೆಯ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

ಇನ್ನು ನಾನು. ಹೆಸರು ಹಣಮಂತ್ರಾಯ. ಆಕೆಯ ಮನೆಯಿಂದ ಮೂರನೆಯ ಮನೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದೆ. ಆಯವ್ಯಯದ ಪಾಠವನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕಣ್ಣು ಮುಚ್ಚಿಕೊಂಡೇ ಹೇಳಿದೆ ಎಂಬುದು ಈಗ ತಿಳಿಯುತ್ತಿದೆ.

ಯುದ್ಧ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಗುಂಡು ಹಾರುತ್ತಿದ್ದುದು ನಮ್ಮಿಂದ ಬಹಳ ದೂರದಲ್ಲಿ. ಆದರೂ ಅಂಗಡಿಯ ಎಣ್ಣೆ ಡಬ್ಬಿಯ ದರ ವಾರಕ್ಕೊಮ್ಮೆ ಏರುತ್ತಿತ್ತು, ಸಿಲಿಂಡರಿಗೆ ಹೆಸರು ಹಚ್ಚಿದರೆ ಹದಿನೈದು ದಿನ ಕಾಯಬೇಕಿತ್ತು. ಗುರಮ್ಮ ಗ್ಯಾಸಿನ ಒಲೆ ಮೂಲೆಗೆ ಸರಿಸಿ ಮತ್ತೆ ಜಾಲಿ ಕಟ್ಟಿಗೆಗೆ ಬಂದಿದ್ದಳು. ಅಂಥ ಹೊತ್ತಲ್ಲಿ ಚುನಾವಣೆ. ಗೆದ್ದರೆ ಖಜಾನೆಯ ಬೀಗದ ಕೈ ಇವರಿಗೇ ಎಂದು ಎಲ್ಲರೂ ಹೇಳುತ್ತಿದ್ದ ಒಬ್ಬ ದೊಡ್ಡ ನಾಯಕರು ಊರೂರು ತಿರುಗುತ್ತಿದ್ದರು. ಅವರನ್ನು ಇಲ್ಲಿ ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಯುದ್ಧದ ಖರ್ಚು ಎಷ್ಟೇ ಬರಲಿ, ಹೊಸ ತೆರಿಗೆ ಇಲ್ಲ, ಹೊಸ ಸಾಲ ಇಲ್ಲ, ಬಡವರ ಒಂದು ಯೋಜನೆಗೂ ಕತ್ತರಿ ಇಲ್ಲ, ಆದರೂ ಬಜೆಟ್ ಸರಿದೂಗಿಸುತ್ತೇನೆ ಎಂದು ಅವರ ಮಾತು.

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಪೇಪರು ಹಿಡಿದುಕೊಂಡು ಗುರಮ್ಮನ ಕಟ್ಟೆಗೆ ಹೋಗಿ ಪಾಠ ಹೇಳಿದೆ. ಪೋಲು ತಡೆಯುವುದು, ವಸೂಲಿ ಬಿಗಿ ಮಾಡುವುದು ಎಂದು ವಿವರಿಸಿದೆ. ಆಕೆ ಅಕ್ಕಿ ಆರಿಸುತ್ತಲೇ ಕೇಳಿದಳು.

"ಸರ, ನೂರು ಮಂದೀಗಿ ಅಡಗಿ ಮಾಡೀನಿ ಅಂತ ತಿಳೀರಿ. ನೂರಾ ಐವತ್ತು ಮಂದಿ ಬಂದ್ರು. ಅಕ್ಕಿ ತರಂಗಿಲ್ಲ, ಕಡಾ ಕೇಳಂಗಿಲ್ಲ, ಯಾರ ಎಲ್ಯಾಗೂ ಕಡಿಮಿ ನೀಡಂಗಿಲ್ಲ. ಹೆಂಗ್ ಮಾಡ್ಲಿ?"

"ದೇಶ ನಡಸೋದಂದ್ರ ಮದವಿ ಊಟ ಅಲ್ಲ ತಂಗಿ," ಎಂದೆ.

"ಹೌದ್ರಿ. ಮದವ್ಯಾಗ ಕಡೀ ಪಂಕ್ತಿ ಕಣ್ಣಿಗಿ ಕಾಣ್ತದ. ದೇಶದಾಗ ಅದು ಎಲ್ಲಿ ಕುಂದರ್ತದ್ರಿ?"

ನನಗೆ ಸಿಟ್ಟು ಬಂತು. ನಾಲ್ಕನೆಯ ಇಯತ್ತೆ ದಾಟದ ಹೆಂಗಸು ನನಗೆ ಪ್ರಶ್ನೆ ಹಾಕಿದಳಲ್ಲ ಎಂದು ಪೇಪರು ಮಡಚಿಕೊಂಡು ಮನೆಗೆ ಬಂದೆ. ನಮ್ಮಂಥ ಮೇಷ್ಟ್ರುಗಳ ಹಣೆಬರಹವೇ ಇಷ್ಟು.

ಹದಿನೈದು ದಿನಕ್ಕೆ ಸಾಹೇಬರ ಸಭೆ ನಮ್ಮೂರಲ್ಲೇ ಗೊತ್ತಾಯಿತು. ಎಲ್ಲದರ ಉಸ್ತುವಾರಿ ಜಗದೇವನದು. ಕಾರ್ಯಕರ್ತ, ಕಿವಿಯಿಂದ ಫೋನು ಇಳಿಸದವನು. ಎರಡು ಸಾವಿರ ಮಂದಿಗೆ ಮಸಾಲೆ ಅನ್ನ, ಹುಗ್ಗಿ ಎಂದು ಗುರಮ್ಮನಿಗೆ ಅಡುಗೆ ವಹಿಸಿದ. ನನ್ನ ಮನೆಗೂ ಬಂದ. "ಸರ, ಸ್ಟೇಜ್ ಮ್ಯಾಲ ನೀವು ಎರಡ ಮಾತ ಹೇಳ್ರಿ. ಅರ್ಥಶಾಸ್ತ್ರದ ಸರ ಹೇಳಿದ್ರ ಮಂದಿ ನಂಬ್ತಾರ" ಎಂದ. ನಾನು ಉಬ್ಬಿಹೋದೆ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋಗಿ ಎರಡು ಮಾತಿನ ಬದಲು ಇಪ್ಪತ್ತು ನಿಮಿಷ ಮಾತಾಡಿದೆ. ಆಮೇಲೆ ಮುಖಂಡರ ಜೊತೆ ಮೊದಲ ಪಂಕ್ತಿಯಲ್ಲೇ ಕೂತು ಹೊಟ್ಟೆ ತುಂಬ ಉಂಡೆ. ಹುಗ್ಗಿ ಎರಡು ಸಲ ಹಾಕಿಸಿಕೊಂಡೆ.

ಪೆಂಡಾಲಿನ ಮುಂದಿನ ಕುರ್ಚಿಗಳಲ್ಲಿ ಹೆಂಗಸರು ಕೂತಿದ್ದರು, ಸುಮಾರು ಅರವತ್ತು ಮಂದಿ. ಕೊಳಕೂರ, ಕಡಗಂಚಿ ಕಡೆಯಿಂದ ಟೆಂಪೋಗಳಲ್ಲಿ ಕರೆತಂದು ಬೆಳಗಿನ ಹತ್ತಕ್ಕೇ ಕೂರಿಸಿದ್ದರು. ಸಾಹೇಬರು ಬಂದಾಗ ಕುರ್ಚಿ ಖಾಲಿ ಕಾಣಬಾರದು, ಅದಕ್ಕೆ ಅವರ ಊಟ ಭಾಷಣ ಮುಗಿದ ಮೇಲೆ ಎಂದು ಜಗದೇವನ ಅಪ್ಪಣೆ. ಗಂಡಸರು ಮಾತ್ರ ಎದ್ದೆದ್ದು ಹೋಗಿ ಉಂಡು ಬರುತ್ತಿದ್ದರು. ಎರಡು ಸಾವಿರವೆಂದದ್ದು ಎರಡೂವರೆ ದಾಟಿತು. ಪೆಂಡಾಲಿನ ಹಿಂದೆ ಗುರಮ್ಮನ ಹಂಡೆಗಳು ಒಂದೊಂದಾಗಿ ಬರಿದಾದವು. ಕಡೆಗೆ ಉಳಿದದ್ದು ಗಂಟು ಕಟ್ಟಿದ ಹಂಡೆ ಒಂದೇ.

ಸಾಹೇಬರು ಎರಡು ಗಂಟೆಗೆ ಬಂದರು. ಜೊತೆಗೆ ಇಪ್ಪತ್ತು ಗಾಡಿ, ನೂರು ಮಂದಿ. ಅವರೆಲ್ಲ ಹಸಿದಿದ್ದರು. ಜಗದೇವ ಓಡಿ ಬಂದು ಹಂಡೆ ತೋರಿಸಿ ಬಿಚ್ಚು ಎಂದ. ಗುರಮ್ಮ ಆಗುವುದಿಲ್ಲ ಎಂದಳು. ಅವನು ರೇಗಿದ, ಆಕೆ ಜಗ್ಗಲಿಲ್ಲ. ಆಗ ಅವನು ನನ್ನನ್ನು ಹುಡುಕಿಕೊಂಡು ಬಂದ.

"ಸರ, ನಿಮ್ಮ ಮಾತು ಕೇಳ್ತಾಳ. ಹೋಟೆಲಿಗಿ ಫೋನ್ ಮಾಡೀನಿ, ಅರ್ಧ ತಾಸಿನ್ಯಾಗ ಅನ್ನ ಬರ್ತದ. ಹೆಣ್ಮಕ್ಕಳು ಅದನ್ನ ಉಣ್ತಾರ."

ಆಕೆ ನನ್ನ ಮಾತು ಕೇಳುತ್ತಾಳೆ ಎಂಬುದು ನನಗೂ ಗೊತ್ತಿತ್ತು. ಅವಳ ಮಗಳು ಐಶ್ವರ್ಯಾಗೆ ಎರಡು ವರ್ಷ ನನ್ನ ಪಡಸಾಲೆಯಲ್ಲಿ ಪಾಠ ಹೇಳಿದ್ದೆ, ಬಿಡಿಗಾಸು ತೆಗೆದುಕೊಂಡಿರಲಿಲ್ಲ. ಐಶ್ವರ್ಯಾ ಈಗ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಗುರಮ್ಮ ನನಗೆ ಇಲ್ಲ ಎನ್ನಲಾರಳು. ಅದು ಗೊತ್ತಿದ್ದೇ ಹೋದೆ.

"ಬಿಚ್ಚು ತಂಗಿ," ಎಂದೆ. "ಅನ್ನ ಬರ್ತದ. ನನ್ನ ಮಾತಿನ ಮ್ಯಾಲ ಬಿಚ್ಚು."

ಆಕೆ ನನ್ನ ಮುಖ ನೋಡಿದಳು. "ನೀವ್ ಹೇಳಾಕತ್ತೀರೇನ್ರಿ ಸರ?"

"ಹೌದು."

ಸೆರಗಿನ ತುದಿಯಿಂದ ಗಂಟಿನ ಮೇಲಿನ ವಿಭೂತಿ ಒರೆಸಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಬಿಚ್ಚಿದಳು. ಮೆಹರಾಜಬೇಗಂ ಆ ಕಡೆ ತಿರುಗಿ ನಿಂತಳು. ಅದೇ ಹೊತ್ತಿಗೆ ಮೈಕಿನಲ್ಲಿ ಸಾಹೇಬರು, "ಯುದ್ಧ ಇರಲಿ, ಏನೇ ಇರಲಿ, ಯಾರ ತಟ್ಟೆಯೂ ಖಾಲಿ ಇರುವುದಿಲ್ಲ!" ಎಂದರು. ಮುಂದಿನ ಕುರ್ಚಿಗಳಿಂದ ಚಪ್ಪಾಳೆ ಕೇಳಿಸಿತು.

ಅರ್ಧ ತಾಸು ಹೋಯಿತು. ಒಂದು ತಾಸು ಹೋಯಿತು. ಹೋಟೆಲಿನ ಅನ್ನ ಬರಲಿಲ್ಲ. ಜಗದೇವನ ಫೋನು ಕಿವಿಯಲ್ಲೇ ಇತ್ತು, ನನ್ನ ಕರೆ ಮಾತ್ರ ಎತ್ತಲಿಲ್ಲ. ಭಾಷಣ ಮುಗಿದು ಆ ಅರವತ್ತು ಹೆಂಗಸರು ಹಿಂದಕ್ಕೆ ಬಂದು ಸಾಲಾಗಿ ಕೂತರು. ಮುಂದೆ ಪತ್ರಾವಳಿ ಹಾಕಿತ್ತು, ಅದರ ಮೇಲೆ ಏನೂ ಇರಲಿಲ್ಲ. ಯಾರೂ ಗಲಾಟೆ ಮಾಡಲಿಲ್ಲ. ಕೊಳಕೂರಿನ ಮುದುಕಿಯೊಬ್ಬಳು ಪತ್ರಾವಳಿಗೆ ನೀರು ಚಿಮುಕಿಸಿ ಒರೆಸಿ ಕಾಯುತ್ತ ಕೂತಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನಿಸಿತು.

ಆಗ ಸಾಹೇಬರು ಕಾರಿನ ಕಡೆ ಹೋಗುತ್ತ ಅಡುಗೆಯ ಜಾಗಕ್ಕೆ ಬಂದರು. ಒಳ್ಳೆಯ ಮನುಷ್ಯರಂತೆಯೇ ಕಂಡರು, ಸುಳ್ಳು ಹೇಳಬಾರದು. ಗುರಮ್ಮನಿಗೆ ಕೈ ಮುಗಿದು, "ಅಡುಗೆ ತುಂಬ ಚೆನ್ನಾಗಿತ್ತಂತೆ ತಾಯಿ. ಎಲ್ಲರೂ ಉಂಡರಾ?" ಎಂದರು.

ಅವರ ಹಿಂದೆಯೇ ಬಂದಿದ್ದ ಜಗದೇವ ಆಕೆಗೆ ಬಾಯಿ ತೆಗೆಯಲು ಬಿಡಲಿಲ್ಲ. "ಎಲ್ಲಾರೂ ಉಂಡ್ರಿ ಸಾಹೇಬ್ರ. ಎಲ್ಲಾ ಬರೋಬರಿ ಆತು."

ಗುರಮ್ಮ ದನಿ ಏರಿಸಲಿಲ್ಲ. "ಇನ್ನ ಒಂದ ಪಂಕ್ತಿ ಅದ್ರಿ," ಎಂದು ಹೆಂಗಸರ ಕಡೆ ಕೈ ತೋರಿಸಿದಳು. "ನೀವೂ ಕುಂದರ್ರಿ ಸಾಹೇಬ್ರ, ಇವ್ರ ಜೋಡಿ. ಜಾಗಾ ಅದ."

ಸಾಹೇಬರು ಆ ಸಾಲಿನ ಕಡೆ ನೋಡಿದರು. ಎಲೆಗಳನ್ನು ನೋಡಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಕ್ಕು, "ಜೇವರ್ಗಿಯಲ್ಲಿ ಇನ್ನೊಂದು ಸಭೆ ಇದೆ ತಾಯಿ, ಮುಂದಿನ ಸಲ ಖಂಡಿತ" ಎಂದು ಕಾರು ಹತ್ತಿದರು. ಧೂಳು ಎಲೆಗಳ ಮೇಲೆ ಬಿತ್ತು. ಹೆಂಗಸರು ಮತ್ತೆ ಒರೆಸಿದರು.

ಗುರಮ್ಮನ ಹೆಂಗಸರು ತಮಗೆಂದು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ ಇದ್ದವು. ಎಲ್ಲ ಬುತ್ತಿ ಬಿಚ್ಚಿದರೂ ಮೂವತ್ತು ದಾಟಲಿಲ್ಲ. ಒಂದೊಂದನ್ನೂ ಎರಡು ಮಾಡಿ, ಮೇಲೆ ಖಾರದ ಶೇಂಗಾ ಹಿಂಡಿ ಇಟ್ಟು ಆಕೆ ತಾನೇ ಬಗ್ಗಿ ಬಗ್ಗಿ ನೀಡಿದಳು. ಪ್ರತಿಯೊಬ್ಬರಿಗೂ, "ತಪ್ಪಾತು ಯವ್ವಾ" ಎನ್ನುತ್ತ ಹೋದಳು. ಸಾಲಿನ ತುದಿಗೆ ಬಂದಾಗ ನಾನು ನಿಂತಿದ್ದೆ.

"ತಂಗಿ, ನಂದು ತಪ್ಪು," ಎಂದೆ.

"ಕುಂದರ್ರಿ ಸರ," ಎಂದಳು. ಕೂತೆ. ನನ್ನ ಎದುರಿಗೂ ಒಂದು ಪತ್ರಾವಳಿ ಹಾಕಿದಳು. ಏನೂ ನೀಡಲಿಲ್ಲ. ಹೊಟ್ಟೆ ತುಂಬಿದವನಿಗೆ ಏನು ನೀಡುವುದು? ಎಡಕ್ಕೆ ಆ ಮುದುಕಿ ಅರ್ಧ ರೊಟ್ಟಿಯನ್ನು ನಿಧಾನವಾಗಿ ಮುರಿದು ತಿನ್ನುತ್ತಿದ್ದಳು. ಅವಳು ಮುಗಿಸುವವರೆಗೂ ನಾನು ಏಳಲಿಲ್ಲ. ನನ್ನ ಜೀವನದಲ್ಲಿ ನಾನು ಕೂತ ಅತಿ ಉದ್ದದ ಪಂಕ್ತಿ ಅದು.

ಸಾಹೇಬರು ಗೆದ್ದರು, ಆ ಸಭೆ ನಡೆದ ಎಂಟನೆಯ ತಿಂಗಳಿಗೆ ಬಜೆಟ್ಟೂ ಬಂತು. ಪೇಪರಿನವರು ದಪ್ಪ ಅಕ್ಷರದಲ್ಲಿ ಸರಿದೂಗಿತು ಎಂದು ಬರೆದರು. ಮಾತು ಉಳಿಸಿಕೊಂಡಿದ್ದರು. ಹೊಸ ತೆರಿಗೆ ಇಲ್ಲ, ಯಾವ ಯೋಜನೆಯ ಹೆಸರೂ ಅಳಿಸಿರಲಿಲ್ಲ. ಮೊದಲಾಗಿದ್ದರೆ ನಾನು ಮೊದಲ ಪುಟಕ್ಕೇ ನಿಲ್ಲುತ್ತಿದ್ದೆ. ಈ ಸಲ ಭೂತಗನ್ನಡಿ ಹಿಡಿದು ಒಳಪುಟದ ಸಣ್ಣ ಅಕ್ಷರದ ಕೋಷ್ಟಕದ ತಳದವರೆಗೂ ಓದಿದೆ. ಶಾಲೆಯ ಮಕ್ಕಳ ಊಟಕ್ಕೆ ಹೋದ ವರ್ಷ ಎಷ್ಟೋ ಈ ವರ್ಷವೂ ಅಷ್ಟೇ ಇಟ್ಟಿದ್ದರು. ಬೇಳೆ, ಎಣ್ಣೆಯ ದರ ಹೋದ ವರ್ಷದಷ್ಟೇ ಇರಲಿಲ್ಲ.

ಪೇಪರು ಹಿಡಿದು ಗುರಮ್ಮನ ಕಟ್ಟೆಗೆ ಹೋದೆ. "ಸಿಕ್ತು ತಂಗಿ, ದೇಶದ ಕಡೀ ಪಂಕ್ತಿ," ಎಂದು ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಆಕೆ ತಲೆಯಾಡಿಸಿದಳು, ಖುಷಿಪಡಲಿಲ್ಲ. "ಸಣ್ಣ ಮಕ್ಕಳನ್ನೇ ಕುಂದರಿಸ್ಯಾರಲ್ರಿ," ಎಂದಷ್ಟೇ ಹೇಳಿ ಅಕ್ಕಿಯ ಮೊರ ಎತ್ತಿಕೊಂಡಳು.

ಆಗಲೇ ಜೇವರ್ಗಿ ಕಡೆಯಿಂದ ಮದುವೆಯ ಅಡುಗೆ ಗೊತ್ತು ಮಾಡಲು ಇಬ್ಬರು ಬಂದರು. ಅವರಲ್ಲಿ ಹಿರಿಯರಾದ ಮಲ್ಕಪ್ಪನವರು ಕಟ್ಟೆಯ ಮೇಲೆ ಕೂತು, "ನಿಮ್ಮ ಕಡೀ ಪಂಕ್ತಿ ಉಪಾಸ ಏಳಂಗಿಲ್ಲ ಅಂತ ಕೇಳೀವಿ. ಎಷ್ಟ ವರ್ಷದಿಂದ ಅವ್ವಾ?" ಎಂದರು. ನಾನು ಇಪ್ಪತ್ತಾರು ಎನ್ನಲು ಬಾಯಿ ತೆರೆದೆ. ಗುರಮ್ಮ ನನ್ನ ಕಡೆ ನೋಡಲಿಲ್ಲ.

"ಎಂಟು ತಿಂಗಳಾತ್ರಿ," ಎಂದಳು.