ಚೋರನೂರ ಎಂದರೆ ಯಾರು?

ಮೊನ್ನೆ ಕಪಾಟು ಒರೆಸುವಾಗ ಕೆಳಗಿನ ಖಾನೆಯಿಂದ ಒಂದು ಶಾಲು ಜಾರಿ ಬಿತ್ತು. ಮಡಿಕೆ ಬಿಚ್ಚದ ಶಾಲು, ಇನ್ನೂ ಅತ್ತರಿನ ವಾಸನೆ. ಸನ್ಮಾನದ ಶಾಲನ್ನು ಯಾರೂ ಹೊದೆಯುವುದಿಲ್ಲ, ನೀವೂ ಬಲ್ಲಿರಿ. ಆದರೆ ಇದನ್ನು ನಾನು ಹೊದೆಯದಿರುವುದಕ್ಕೆ ಕಾರಣ ಬೇರೆ.

ಹೊಸಪೇಟೆಯಲ್ಲಿ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಹಿಡಿದ ಗೀಳು ಅಂತರಜಾಲದ ವಿಶ್ವಕೋಶ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ತಿದ್ದುವುದೆಂದರೆ ಮೇಷ್ಟ್ರಿಗೆ ಕೇಳಬೇಕೆ! ಕೆಂಪು ಶಾಯಿ ಹೋಗಿ ಮೌಸು ಬಂತು, ಅಷ್ಟೆ.

ಅಲ್ಲೊಂದು ಪದ್ಧತಿಯಿದೆ. ಒಂದೇ ಅಡ್ಡಹೆಸರಿನ ಇಬ್ಬರಿದ್ದರೆ, ಹುಡುಕಿದವರಿಗೆ ಇಬ್ಬರ ಹೆಸರೂ ಇರುವ ಪುಟ ತೆರೆಯಬೇಕು. ಒಬ್ಬರೇ ಬಹಳ ಪ್ರಸಿದ್ಧರಾಗಿದ್ದರೆ ಮಾತ್ರ ನೇರ ಅವರ ಪುಟಕ್ಕೆ ಕಳಿಸಬಹುದು. ಬೇರೆ ಪುಟಗಳಿಂದ ಅವರತ್ತ ಎಷ್ಟು ಕೊಂಡಿಗಳು, ಅಂದರೆ ಲಿಂಕುಗಳು, ಇವೆ ಎಂಬುದೇ ಆ ಪ್ರಸಿದ್ಧಿಗೆ ಒಂದು ಅಳತೆ. ನಮ್ಮ ಕಡೆ ಅಡ್ಡಹೆಸರೆಂದರೆ ಬಹುಪಾಲು ಊರಿನ ಹೆಸರೇ. ಸಂಡೂರು ತಾಲ್ಲೂಕಿನ ಚೋರನೂರಿನಿಂದ ಕಂಪ್ಲಿಗೆ ಬಂದು ಅಕ್ಕಿ ಗಿರಣಿ ಹಾಕಿದ ಶಿವಬಸಪ್ಪನವರೂ 'ಚೋರನೂರ'. ಅದೇ ಚೋರನೂರಿನಲ್ಲಿ ಕೂಲಿ ಮಾಡುತ್ತ ಬಯಲಾಟದಲ್ಲಿ ಹಾಡಿ ಕುಣಿದ ದುರುಗಮ್ಮನೂ 'ಚೋರನೂರ'. ನೋಡಿ, ಅವರಿಗೆ 'ನವರು' ಹಚ್ಚಿದೆ, ಇವರಿಗೆ ಹಚ್ಚಲಿಲ್ಲ. ನನ್ನ ಬುದ್ಧಿ ಅಂಥದ್ದು. ಇಬ್ಬರಿಗೂ ಪುಟಗಳಿದ್ದವು. 'ಚೋರನೂರ' ಎಂದು ಹುಡುಕಿದವರನ್ನು ನಾನು ನೇರ ಗಿರಣಿಯವರ ಪುಟಕ್ಕೆ ಕಳಿಸಿದೆ.

ಅದಕ್ಕೆ ಸ್ವಲ್ಪ ಮೊದಲು ಶಿವಬಸಪ್ಪನವರ ಮಕ್ಕಳು ನನ್ನನ್ನು ಕರೆದು, ತಂದೆಯ ಬಗ್ಗೆ ಬರೆದದ್ದಕ್ಕೆ ಶಾಲು ಹೊದಿಸಿ ಹೋಳಿಗೆ ಊಟ ಹಾಕಿದ್ದರು. ಶಾಲಿಗೂ ನಿರ್ಧಾರಕ್ಕೂ ಸಂಬಂಧವಿಲ್ಲವೆಂದು ಆಗ ನಂಬಿದ್ದೆ.

ದುರುಗಮ್ಮನವರ ಮೊಮ್ಮಗಳು ರೇಣುಕಾ ಚರ್ಚೆಯ ಪುಟದಲ್ಲಿ ಕೇಳಿದಳು: "ಸರ್, ನಮ್ಮಜ್ಜಿನೂ ಚೋರನೂರನೇ ಅಲ್ಲೇನ್ರಿ? ಆಕಿ ಹೆಸ್ರು ಯಾಕ ಬರವಲ್ದು?"

ನಾನು ಹೆಡ್‌ಮಾಸ್ಟರ್ ಗತ್ತಿನಲ್ಲಿ ಉತ್ತರಿಸಿದೆ: "ಹೆಚ್ಚಿನ ಪುಟಗಳ ಕೊಂಡಿಗಳು ಶಿವಬಸಪ್ಪನವರತ್ತ ಇವೆ. ನಿಯಮ ನೋಡಿ." ಆಕೆ ಮತ್ತೆ ಬರೆಯಲಿಲ್ಲ. ಗೆದ್ದೆ ಎಂದುಕೊಂಡೆ. ಥೂ.

ಕೆಲವು ತಿಂಗಳ ನಂತರ ಹಂಪಿಗೆ ಹೋಗುವಾಗ ಕಡ್ಡಿರಾಂಪುರದ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಅದನ್ನು ನಡೆಸುವ ಹುಡುಗಿ, ಒಲೆಯ ಪಕ್ಕ ಕೂತ ಹಿರಿಯ ಹೆಂಗಸಿಗೆ ಮೊಬೈಲು ತೋರಿಸುತ್ತಿದ್ದಳು. "ಚೋರನೂರ ಅಂತ ಹೊಡದ್ರ ಇವ್ರೇ ಬರ್ತಾರ ನೋಡಜ್ಜಿ."

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮ ಸಾವ್ಕಾರ್ರಲ್ಲೇನ ಇವ್ರು! ಇವ್ರ ಹೊಲದಾಗ ಭಾಳ ವರ್ಷ ಕಳೆ ತಗದೀನಿ. ಚೊಲೋ ಮಂದಿ."

ಹುಡುಗಿ ರೇಣುಕಾ, ಅಜ್ಜಿ ದುರುಗಮ್ಮ ಎಂದು ಆಗ ತಿಳಿಯಿತು. ಹಾಗೆ ಬರುವಂತೆ ಮಾಡಿದವನು ನಾನೇ ಎಂದು ಹೇಳದೆ, ಕೈ ತೊಳೆದು ಸದ್ದಿಲ್ಲದೆ ಎದ್ದು ಬಂದೆ.

ಶಾಲು ಬಿದ್ದ ದಿನ ಆ ಕೊಂಡಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಶಾಲೆ, ಕಲ್ಯಾಣಮಂಟಪ, ವಾಚನಾಲಯ, ಎಲ್ಲ ಗಿರಣಿಯವರು ಕಟ್ಟಿಸಿದವು. ಪ್ರತಿ ಪುಟವನ್ನೂ ಬರೆದವನು ನಾನೇ, ಕೊಂಡಿ ಹಾಕಿದವನೂ ನಾನೇ. ನಾನೇ ಹುಟ್ಟಿಸಿದ ಸಾಕ್ಷಿಯನ್ನು ಆ ಹುಡುಗಿಯ ಮುಖಕ್ಕೆ ಹಿಡಿದಿದ್ದೆ. ಇಬ್ಬರ ಹೆಸರೂ ಇರುವ ಪುಟ ಮಾಡಿದೆ. ತಿದ್ದಿದ್ದಕ್ಕೆ ಕಾರಣ ಕೇಳುವ ಜಾಗದಲ್ಲಿ 'ನಿಯಮದಂತೆ' ಎಂದು ಬರೆದು, ಅಳಿಸಿ, 'ನನ್ನ ತಪ್ಪು' ಎಂದು ಬರೆದೆ.

ಇವತ್ತು ಬೆಳಿಗ್ಗೆ ಕಡ್ಡಿರಾಂಪುರಕ್ಕೆ ಹೋಗಿ ರೇಣುಕಾಗೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. "ಅಜ್ಜಿಗೆ ಈಗ ಪೂರಾ ಕಣ್ಣು ಕಾಣಂಗಿಲ್ರಿ ಸರ್. ನೀವೇ ಓದಿ ಹೇಳ್ರಿ" ಎಂದಳು.

ಓದಿದೆ. ದುರುಗಮ್ಮನವರು ಕೇಳಿದರು: "ಸಾವ್ಕಾರ್ರ ಹೆಸ್ರು ತಗದೀರೇನ್ರಿ ಮತ್ತ?"

"ಇಲ್ಲಮ್ಮ, ಇಬ್ಬರೂ ಇದ್ದೀರಿ."

"ಹಂಗಾದ್ರ ಚೊಲೋ ಆತು. ನನ್ನ ಸಲುವಾಗಿ ಅವ್ರನ್ನ ಕುಂತ ಜಾಗದಿಂದ ಎಬ್ಬಿಸಬ್ಯಾಡ್ರಿ."

ದುರುಗಮ್ಮನವರನ್ನು ಎಬ್ಬಿಸುವಾಗ ನಾನು ಯಾರನ್ನೂ ಕೇಳಿರಲಿಲ್ಲ.