ಟೀಚರಮ್ಮ ಹಾಕಿದ ರೈಟುಗಳು

ನನಗೆ ಒಂದು ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ಹಾಸನದ ಜಿಮ್ಮಿನಲ್ಲಿ ಬೆಳಗಿನ ಬ್ಯಾಚು ಮುಗಿಸಿ, ಒಂದು ದಿನ ಚನ್ನರಾಯಪಟ್ಟಣ, ಇನ್ನೊಂದು ದಿನ ಅರಕಲಗೂಡು ಅಂತ ಬಸ್ಸು ಹತ್ತಿ, ಜಿಮ್ಮಿಗೆ ಬರಲಾಗದವರಿಗೆ ಅವರ ಮನೆಯಲ್ಲೇ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಬಸ್ಸು ಐದು ನಿಮಿಷ ತಡವಾದರೂ ಸ್ಟ್ಯಾಂಡಿನಲ್ಲಿ ಶತಪಥ ಹಾಕುತ್ತೇನೆ. ಹೇಳಿದ್ದನ್ನು ಮಾಡದವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಬುಧವಾರ ಹೊಳೆನರಸೀಪುರದ ಟೀಚರಮ್ಮನ ಸರದಿ.

ಪ್ರೈಮರಿ ಶಾಲೆಯಿಂದ ನಿವೃತ್ತರಾದವರು. ಸಂಜೆ ಹಜಾರದಲ್ಲಿ ಬೀದಿಯ ಆರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾತ್ರೆ ಸಾಲದು, ಇನ್ಸುಲಿನ್ ಶುರು ಮಾಡಬೇಕು ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಬೇರೆಯವರಿಗೆ ಅದೊಂದು ಔಷಧಿ, ಅಷ್ಟೆ. ಇವರಿಗೆ ಹಾಗಲ್ಲ. ಗಂಡನಿಗೆ ಒಂಬತ್ತು ವರ್ಷ, ದಿನಕ್ಕೆ ಎರಡು ಸಲ, ತಮ್ಮ ಕೈಯಾರೆ ಚುಚ್ಚಿದ್ದರು. ಅವರು ತೀರಿಕೊಂಡ ದಿನ ಬೆಳಗ್ಗೆಯೂ ಚುಚ್ಚಿದ್ದರು. ಮೊದಲ ಭೇಟಿಯಲ್ಲೇ ನನಗೆ ಹೇಳಿದರು:

"ಆ ಸೂಜಿ ಮತ್ತೆ ಈ ಮನೆಗೆ ಬರಬಾರ್ದು ಕಣಪ್ಪ. ನನ್ ಕೈಲಾಗಲ್ಲ."

ಮೊದಲೇ ನಾನು ಅವಸರದವನು. ಅಲ್ಲೇ ಸ್ಕೇಲು ಹಿಡಿದು ಪಟ್ಟಿ ಎಳೆದೆ. ಬೆಳಗ್ಗೆ ನಲವತ್ತು ನಿಮಿಷ ನಡಿಗೆ, ಕಾಫಿಗೆ ಸಕ್ಕರೆ ಬೇಡ, ರಾತ್ರಿ ಅರ್ಧ ಮುದ್ದೆ. ಮಾಡಿದ ದಿನ ರೈಟು ಹಾಕಬೇಕು. ಲೇಸು ಕಟ್ಟುವ ಶೂ ಕೊಳ್ಳಿಸಿದೆ. ಮುಂದಿನ ಬುಧವಾರ ಹೋದರೆ ಪಟ್ಟಿಯ ತುಂಬ ರೈಟು. ಅದರ ಮುಂದಿನ ವಾರವೂ ಅಷ್ಟೆ. ಇಂಥ ಕ್ಲೈಂಟು ಹತ್ತು ಜನ ಸಿಕ್ಕರೆ ಸಾಕಪ್ಪಾ ಅಂತ ಬೀಗುತ್ತಾ ಬಸ್ಸು ಹತ್ತುತ್ತಿದ್ದೆ.

ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಮೊದಲಿಗಿಂತ ಜಾಸ್ತಿ ಆಗಿತ್ತು. ಪಟ್ಟಿ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ವಾರದ ರೈಟುಗಳೆಲ್ಲ ಒಂದೇ ಪೆನ್ನಿನವು, ಒಂದೇ ವಾಟ, ಒಂದೇ ಸಲಕ್ಕೆ ಕೂತು ಗೀಚಿದ್ದು. ರಜೆಯ ಹೋಂವರ್ಕನ್ನು ಕೊನೆಯ ದಿನ ಬರೆಯುವ ಮಕ್ಕಳನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದ ಕೈ ಅದು. ಶೂ ಇನ್ನೂ ಡಬ್ಬಿಯಲ್ಲೇ ಇತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ನನ್ನ ತಾಯಿಯ ವಯಸ್ಸಿನವರು ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು:

"ನೀನು ಹಾಸನದಿಂದ ಬಿಸಿಲಲ್ಲಿ ಬಸ್ ಹತ್ಕೊಂಡು ಬತ್ತೀಯ. ಖಾಲಿ ಪಟ್ಟಿ ತೋರ್ಸಿ ನಿನ್ನ ಹೆಂಗಪ್ಪ ಕಳಿಸ್ಲಿ?"

ವಾಪಸ್ಸು ಬರುವಾಗ ಸೀಟಿದ್ದರೂ ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಬಂದೆ. ಪ್ರತಿ ಬುಧವಾರ ನನಗೊಂದು ಲೋಟ ಕಾಫಿ, ಪಕ್ಕದಲ್ಲಿ ನಿಪ್ಪಟ್ಟು. ಬಂದವರನ್ನು ಒಬ್ಬರೇ ಕುಡಿಯಲು ಬಿಡಬಾರದು ಅಂತ ಅವರೂ ಒಂದು ಲೋಟ ಹಿಡಿಯುತ್ತಿದ್ದರು, ಎರಡು ಚಮಚ ಸಕ್ಕರೆ ಹಾಕಿಕೊಂಡು. ನನ್ನ ಕಣ್ಣೆದುರೇ. ನಾನು 'ಸಕ್ಕರೆ ಬೇಡ' ಅನ್ನುವ ಸಾಲಿನ ರೈಟು ನೋಡುತ್ತಾ ನಿಪ್ಪಟ್ಟು ಮುರಿಯುತ್ತಿದ್ದೆ. ನಾಚಿಕೆಯಾಯಿತು. ಮನುಷ್ಯರ ಅಭ್ಯಾಸ ಬದಲಿಸುವುದು ಹೇಗೆ ಅಂತ ಆನ್‌ಲೈನಿನಲ್ಲಿ ಒಂದು ಕೋರ್ಸು ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದವನು ನಾನು. ಹೇಳುವುದಕ್ಕಿಂತ ಕೇಳಬೇಕು, ಹೊಸ ಅಭ್ಯಾಸವನ್ನು ಹಳೆಯದಕ್ಕೇ ಗಂಟು ಹಾಕಬೇಕು ಅಂತ ಅದರಲ್ಲಿ ಕಲಿಸಿದ್ದರು. ನಾನು ಕಲಿತದ್ದು ಪಟ್ಟಿ ಎಳೆಯುವುದನ್ನು ಮಾತ್ರ.

ಮುಂದಿನ ಬುಧವಾರ ಹೋದವನೇ ಮೊದಲು ಕ್ಷಮೆ ಕೇಳಿದೆ. ನನಗೆ ಬರೀ ನೀರು ಸಾಕು ಅಂದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ಎಷ್ಟೇ ಕಷ್ಟ ಬಂದರೂ ನೀವು ತಪ್ಪಿಸದೇ ಇರುವ ಕೆಲಸ ಯಾವುದು? ಅವರು ಯೋಚಿಸುತ್ತಲೇ ಇದ್ದರು. ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ನನ್ನ ಜೀವಮಾನದಲ್ಲೇ ಇಲ್ಲ. ಕೊನೆಗೆ, ಬಂದವರನ್ನು ಕಳಿಸಿಕೊಡುವುದು ಅಂದರು. ಯಾರೇ ಬರಲಿ, ಅವರು ಬೀದಿ ತಿರುಗುವವರೆಗೂ ಗೇಟಿನಲ್ಲಿ ನಿಂತಿರುವುದು ಅವರ ಪದ್ಧತಿ. ನನಗೂ ಹಾಗೇ ನಿಲ್ಲುತ್ತಿದ್ದರು. ಹಾಗಾದರೆ ಪಾಠದ ಮಕ್ಕಳನ್ನು ಗೇಟಿನ ಬದಲು ಅವರವರ ಮನೆಯ ಬಾಗಿಲವರೆಗೆ ಕಳಿಸಿಕೊಟ್ಟರೆ ಹೇಗೆ ಅಂತ ಅವರೇ ಕೇಳಿದರು. ಆರು ಮನೆ ಸುತ್ತಿ ಬಂದರೆ ಸರಿಯಾಗಿ ಮುಕ್ಕಾಲು ಗಂಟೆ.

ಒಂದು ವಾರ ಕಳೆದು ಹೋದೆ. ದಿನವೂ ನಡೆದಿದ್ದರು, ನಿಜ. ಆದರೆ ಟೀಚರಮ್ಮ ಬಾಗಿಲಿಗೆ ಬಂದರೆ ಯಾವ ತಾಯಿ ಸುಮ್ಮನೆ ಕಳಿಸುತ್ತಾಳೆ? ಮನೆಮನೆಯಲ್ಲೂ ಒಳಗೆ ಕರೆದು ಮಣೆ ಹಾಕಿ ಕಾಫಿ ಕೊಟ್ಟಿದ್ದರು. ಒಂದು ಸಂಜೆ ನಾಲ್ಕು ಲೋಟ! ಗಡುವಿನಲ್ಲಿ ಎರಡು ತಿಂಗಳೂ ಉಳಿದಿರಲಿಲ್ಲ. ಬೈಯಲು ಬಾಯಿ ತೆರೆದವನು, ಹಲ್ಲು ಕಚ್ಚಿ, ಈಗೇನು ಮಾಡುವುದು ಅಂತ ಕೇಳಿದೆ. ಅವರು ಒಳಗೆ ಹೋಗಿ ಶೂ ಡಬ್ಬಿ ತಂದರು.

"ಇದನ್ನ ಹಾಕ್ಕೊಂಡೋಯ್ತೀನಿ. ಲೇಸ್ ಬಿಚ್ಚೋಕೆ ಬಗ್ಗಕ್ಕಾಗಲ್ಲ ಅಂದ್ರೆ ಯಾರು ತಾನೆ ಒಳಗೆ ಕರೀತಾರೆ?"

ಕಾಲಿನದು ಕಳಚದೆ ನಮ್ಮ ಕಡೆ ಯಾರೂ ಹೊಸಿಲು ದಾಟುವುದಿಲ್ಲ. ಹೊಸಿಲು ದಾಟದವರಿಗೆ ಲೋಟ ಕೊಡುವುದೂ ಕಷ್ಟ. ನನ್ನ ಕೋರ್ಸಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಮೂರು ತಿಂಗಳು ಮುಗಿದ ಬುಧವಾರ ಬಸ್ಸು ಇಳಿದು ಅವರ ಮನೆಗೆ ಓಡಿಯೇ ಹೋದೆ. ಟೀಚರಮ್ಮ ಶೂ ಹಾಕಿಕೊಂಡೇ ಜಗುಲಿಯಲ್ಲಿ ಕೂತಿದ್ದರು. ಸಕ್ಕರೆ ಇಳಿದಿದೆ, ಸದ್ಯಕ್ಕೆ ಸೂಜಿ ಬೇಡ, ಹೀಗೇ ನಡೆಸಿಕೊಂಡು ಹೋಗಿ ಅಂದಿದ್ದರಂತೆ ಡಾಕ್ಟರು. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಪಟ್ಟಿ ಕೈಗಿಟ್ಟರು. ಅಲ್ಲಲ್ಲಿ ಒಟ್ಟು ಹನ್ನೊಂದು ದಿನ ಖಾಲಿ. ಖಾಲಿ ಬಿಟ್ಟ ಕಡೆಯೆಲ್ಲ, ಮಕ್ಕಳ ಕಾಪಿ ತಿದ್ದುವ ಕೆಂಪು ಪೆನ್ನಿನಲ್ಲಿ, ಗುಂಡಗಿನ ಅಕ್ಷರದಲ್ಲಿ ಕಾರಣ ಬರೆದಿದ್ದರು. ಮಳೆ. ಮಂಡಿ ನೋವು. ಸೋಮಾರಿತನ. ಮತ್ತೆ ಸೋಮಾರಿತನ. ಕೊನೆಯ ವಾರದ ಒಂದು ಖಾಲಿಯಲ್ಲಿ ಹೀಗಿತ್ತು: 'ಅವರ ತಿಥಿ. ಅವರಿಗೆ ಇಷ್ಟ ಅಂತ ಕಜ್ಜಾಯ ಮಾಡಿದ್ದೆ. ಎರಡು ತಿಂದೆ.'