ಜಗದಾಂಬಾ ಮೇಡಂ ತೊಳೆಯದ ಕಲ್ಲು

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಎಲ್ಲರ ಮೆಟ್ಟಿಲ ಮೇಲೂ ತುಳಸಿ, ಅಲೋವೆರಾ, ಒಣಗಿದ ಕರಿಬೇವಿನ ಕುಂಡ ಇರುತ್ತವೆ. ನಮ್ಮ ಓನರ್ ಜಗದಾಂಬಾ ಮೇಡಂ ಮೆಟ್ಟಿಲ ಮೇಲೆ ಮಾತ್ರ ಕಲ್ಲು. ಅದೂ ಚೆಂದದ ಕಲ್ಲಲ್ಲ, ಮೈತುಂಬಾ ಹಕ್ಕಳೆ ಕಟ್ಟಿದ ಕೊಳಕು ಕಲ್ಲು. ನಾನು ಮಹಡಿಯ ಬಾಡಿಗೆಯವಳು. ಸಿಲಿಂಡರ್ ತರುವವನು ಎಡವಿದಾಗಲೆಲ್ಲ ಬೈಸಿಕೊಂಡವಳು ನಾನೇ.

"ಮೇಡಂ, ಒಂದ್ಸಲ ತೊಳೆದಾದ್ರೂ ಇಡಬಾರ್ದಾ?" ಎಂದು ಕೇಳಿದ್ದೆ.

"ನೀನು ಕೊಳೆ ಅಂತೀಯಲ್ಲ ಮಾಲಾ, ಅದೇ ಕಣೇ ನನ್ನ ಆಸ್ತಿ" ಎಂದು ನಕ್ಕಿದ್ದರು.

ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಮದುವೆಯಾದ ಹೊಸದರಲ್ಲಿ, ಈಗಿಲ್ಲದ ಯಜಮಾನರು ಚನ್ನಮಲ್ಲಪ್ಪನವರಿಗೆ ತಮಿಳುನಾಡಿನ ಅರಿಯಲೂರಿನ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಭಾಷೆ ಬಾರದ ಊರಲ್ಲಿ ಈಕೆ ಹೊಲದ ಬದುವಿನ ಮೇಲೆ ನಡೆಯಲು ಹೋಗುತ್ತಿದ್ದರು. ಉಳುವಾಗ ಸಿಕ್ಕ ಕಲ್ಲುಗಳನ್ನು ರೈತರು ಅಲ್ಲಿ ಗುಡ್ಡೆ ಹಾಕಿರುತ್ತಿದ್ದರು. ಅವುಗಳ ನಡುವೆ ಚಕ್ಕುಲಿಯಂತೆ ಸುತ್ತಿದ ಚಿಪ್ಪುಗಳು. ಡೈನೋಸಾರ್ ಕಾಲದಲ್ಲಿ ಅಲ್ಲಿ ಸಮುದ್ರವಿತ್ತಂತೆ. ಆ ಚಿಪ್ಪಿನೊಳಗಿದ್ದು ಈಜುತ್ತಿದ್ದ ಪ್ರಾಣಿಯ ಹೆಸರು ಅಮ್ಮೊನೈಟ್. ಕೆಲವು ಸುರುಳಿಗಳಿಗೆ ಸಿಂಪಿಗಳು, ಅಂದರೆ ಪುಟ್ಟ ಕಪ್ಪೆಚಿಪ್ಪುಗಳು, ಅಂಟಿಕೊಂಡು, ಎರಡೂ ಜೊತೆಗೇ ಕಲ್ಲಾಗಿವೆ. ಕಲ್ಲು ಆರಿಸಲು ಬರುವ ಮಿಕ್ಕವರು ಸುರುಳಿ ಚೆಂದ ಕಾಣಲೆಂದು ಸಿಂಪಿಯನ್ನು ಉಳಿಯಿಂದ ಕೆತ್ತಿ ಎಸೆಯುತ್ತಿದ್ದರು. ಮೇಡಂ ಸಿಂಪಿ ಇದ್ದದ್ದನ್ನೇ ಹುಡುಕಿ ಮನೆಗೆ ತಂದರು.

"ಸುರುಳಿ ಒಂದೇ ಇದ್ರೆ ಅದು ಬರೀ ಚಿಪ್ಪು. ಸಿಂಪಿನೂ ಇದ್ರೆ ಸಂಸಾರ" ಎನ್ನುವರು. ಅವಕ್ಕೆ ನೀರು ಸೋಕಿಸುತ್ತಿರಲಿಲ್ಲ. ಹಳೇ ಟೂತ್‌ಬ್ರಶ್ಶು, ಬಿದಿರಿನ ಕಡ್ಡಿ, ಅಷ್ಟೇ. ಒಂದು ಕಲ್ಲಿನ ಮಣ್ಣು ಬಿಡಿಸಲು ತಿಂಗಳುಗಟ್ಟಲೆ ಕೂರುವ ಆ ತಾಳ್ಮೆ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನಗೆ ಹಾಲು ಉಕ್ಕುವ ತನಕ ನಿಲ್ಲುವ ತಾಳ್ಮೆಯೂ ಇಲ್ಲ.

ಅವರ ಪ್ರಾಣವೆಂದರೆ ಊಟದ ತಟ್ಟೆಯಷ್ಟು ಅಗಲದ ಒಂದು ಸುರುಳಿ. ಅದರ ಎರಡೂ ಮುಖಕ್ಕೆ ಸಿಂಪಿ. ಸತ್ತ ಚಿಪ್ಪು ಸಮುದ್ರದ ತಳದಲ್ಲಿ ಮಲಗಿದ್ದರೆ ಸಿಂಪಿ ಮೇಲ್ಮುಖಕ್ಕೆ ಮಾತ್ರ ಹತ್ತುತ್ತದೆ. ಎರಡೂ ಕಡೆ ಇದೆಯೆಂದರೆ, ಅದು ಬದುಕಿ ಈಜುತ್ತಿದ್ದಾಗಲೇ ಸಿಂಪಿಗಳನ್ನು ಹೊತ್ತು ತಿರುಗಿದೆ ಎಂಬುದು ಮೇಡಂ ವಾದ. ಇಷ್ಟು ವರ್ಷ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ ಆತ್ರೇಯ ಎಂಬ ಭೂವಿಜ್ಞಾನದ ಸಂಶೋಧಕ ಭಾನುವಾರ ಬಂದು ನೋಡುತ್ತೇನೆಂದ. ಒಪ್ಪಿಗೆಯಾದರೆ ಕಲ್ಲು ಅವನ ವಿಭಾಗದ ಮ್ಯೂಸಿಯಂ ಸೇರುತ್ತದೆ. ಇಲ್ಲದಿದ್ದರೆ? "ನಾನು ಹೋದ್ಮೇಲೆ ಯಾರದ್ದೋ ಪಾಯಕ್ಕೆ ಬೀಳುತ್ತೆ" ಎಂದರು. ನಗಲಿಲ್ಲ.

ಆ ವಾರವೇ ದಾವಣಗೆರೆಯಿಂದ ಅವರ ಅಕ್ಕ ಶಿವಗಂಗಮ್ಮ ಶ್ರಾವಣಕ್ಕೆಂದು ಬಂದಿದ್ದರು. ತಾಯಿ ತೀರಿಕೊಂಡಾಗ ಮೇಡಂ ಎದೆಹಾಲಿನ ಕೂಸು. ಶಿವಗಂಗಮ್ಮ ತಾವೇ ಲಂಗ ತೊಟ್ಟ ಹುಡುಗಿ; ತಂಗಿಯನ್ನು ಸೊಂಟಕ್ಕೇರಿಸಿಕೊಂಡೇ ಬೆಳೆದರು, ತಮ್ಮ ಶಾಲೆ ಬಿಟ್ಟು ಆಕೆಯನ್ನು ಓದಿಸಿದರು. ಅವರ ಕಣ್ಣಿಗೆ ಮಾತ್ರ ಬೆಳಗದ ಸಾಮಾನು ಬೀಳಕೂಡದು.

ಶನಿವಾರ ನಾನು ಕೆಳಗಿಳಿದಾಗ ಹಿತ್ತಲೆಲ್ಲ ಹುಣಸೆಹಣ್ಣಿನ ವಾಸನೆ. ಸೋಮವಾರದ ಪೂಜೆಗೆ ಹಿತ್ತಾಳೆ ದೀಪ, ತಂಬಿಗೆ ಎಲ್ಲ ಥಳಥಳ. ಪಕ್ಕದಲ್ಲಿ ಆ ಕಲ್ಲು! ಪರಾತದಲ್ಲಿ ಹುಣಸೆ ರಸಕ್ಕೆ ಒಂದು ಮುಖ ಮುಳುಗಿಸಿ ರಾತ್ರಿಯೆಲ್ಲ ನೆನೆಹಾಕಿ, ತೆಂಗಿನ ನಾರಿನಿಂದ ತಿಕ್ಕಿದ್ದರು.

"ನಾಳೆ ಮಂದಿ ನೋಡಾಕ ಬರ್ತಾರಂತಲ್ಲ. ಗುಳ್ಳೆ ಗುಳ್ಳೆ ಎದ್ದು ಬಂತು ನೋಡವ್ವ, ಎಷ್ಟು ಕೊಳಿ ಇತ್ತೋ!"

ಸುಣ್ಣದ ಚಿಪ್ಪಿಗೆ ಹುಳಿ ಬಿದ್ದರೆ ಗುಳ್ಳೆ ಏಳದೆ ಇನ್ನೇನು? ತೆಳ್ಳನೆಯ ಸಿಂಪಿಗಳೆಲ್ಲ ಕರಗಿ, ಎದ್ದು, ಮೋರಿ ಪಾಲಾಗಿದ್ದವು. ನನಗೆ ಬಂದ ಸಿಟ್ಟಿಗೆ ಆ ಪರಾತವನ್ನೇ ಬೀದಿಗೆ ಎಸೆಯಬೇಕೆನಿಸಿತು. ಮೇಡಂ ಬಂದರು. ಕಲ್ಲನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಬೆಳಗಿದೀಯ ಅಕ್ಕ" ಎಂದರು.

ನನ್ನತ್ತ ತಿರುಗಿ ಕಣ್ಣಲ್ಲೇ ಬಾಯಿ ಮುಚ್ಚಿಸಿದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಸುಮ್ಮನೆ ಸುರಿಯುತ್ತಿತ್ತು.

ಭಾನುವಾರ ಆತ್ರೇಯ ಕಲ್ಲನ್ನು ಹೊರಳಿಸಿ ಹೊರಳಿಸಿ ನೋಡಿದ. "ಮೇಡಂ, ಎರಡೂ ಕಡೆ ಇದೆ ಅಂದಿದ್ರಿ?"

ಶಿವಗಂಗಮ್ಮ ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರು. ಮೇಡಂ ಅಕ್ಕನ ಮುಖ ನೋಡಿದರು. "ನಂದೇ ತಪ್ಪು ಇರ್ಬೇಕಪ್ಪ. ವಯಸ್ಸಾಯ್ತು."

ಜನ್ಮವಿಡೀ ಮಕ್ಕಳಿಗೆ 'ಕಂಡದ್ದನ್ನು ಕಂಡ ಹಾಗೆ ಬರೀರಿ' ಎಂದು ಪಾಠ ಹೇಳಿದವರು, ತಮ್ಮ ಪ್ರಾಣದಂಥ ವಾದವನ್ನು ಹೀಗೆ ಕೈಯಾರೆ ಬಿಟ್ಟುಕೊಟ್ಟರು. ಕೈ ಮುಗಿಯಬೇಕೆನಿಸಿತು ನನಗೆ. ಜೊತೆಗೆ ಕೂಗಾಡಬೇಕೆಂದೂ ಅನಿಸಿತು. ಆತ್ರೇಯ ಪಾಪ, ಸಮಾಧಾನದ ಎರಡು ಮಾತಾಡಿ ಚೀಲ ಎತ್ತಿಕೊಂಡ.

ಆಗ ಶಿವಗಂಗಮ್ಮ ಬಾಯಿ ಹಾಕಿದರು. "ಈ ಕಡೀನೂ ಇತ್ತಲ್ಲಪ್ಪ ಕೊಳಿ! ನಾನೇ ತಿಕ್ಕಿ ತೆಗೆದೀನಿ. ಮೇಲಿನ ಪದರ ಹೋತು, ಅದರ ಕೆಳಗ ನಡುವಿನ ಗುಣಿಯಾಗ ಒಂದು ಮಾತ್ರ ಜಪ್ಪಯ್ಯ ಅಂದ್ರೂ ಬರಲಿಲ್ಲ. ನಾಳೆ ದಬ್ಬಣದಿಂದ ತೆಗೀತೀನಿ."

"ಬೇಡ ಅಜ್ಜಿ!" ಆತ್ರೇಯ ಕೂಗಿಯೇಬಿಟ್ಟ. ಮಸೂರ ಹಿಡಿದು ಕಲ್ಲಿನ ಮೇಲೆ ಬಗ್ಗಿದವನು ಮೇಲೇಳಲೇ ಇಲ್ಲ. ಕೊನೆಗೆ ಮೇಡಂ ಕೈಗೆ ಮಸೂರ ಕೊಟ್ಟ. ಮೇಲಿದ್ದ ಸಿಂಪಿಗಳ ಅಡಿಯಲ್ಲಿ ಇಷ್ಟು ವರ್ಷ ಅಡಗಿದ್ದ ಒಂದು ಪುಟ್ಟ ಸಿಂಪಿ. ಸುರುಳಿಯ ಮುಂದಿನ ಸುತ್ತು ಅದರ ಅಂಚನ್ನು ಅರ್ಧ ಮುಚ್ಚಿಕೊಂಡು ಬೆಳೆದಿತ್ತು. ಸಿಂಪಿ ಬಂದು ಕೂತ ಮೇಲೂ ಸುರುಳಿ ಬೆಳೆದಿದೆ. ಸತ್ತದ್ದು ಬೆಳೆಯುವುದಿಲ್ಲ.

"ನೀವು ಹೇಳಿದ್ದು ಸರಿ ಮೇಡಂ. ಇದು ಬದುಕಿತ್ತು" ಎಂದ. ಮೇಡಂ ಕಣ್ಣು ತುಂಬಿತ್ತು.

ಶಿವಗಂಗಮ್ಮನ ಮುಖ ಸಪ್ಪಗಾಯಿತು. "ಹಂಗಾದ್ರ ನಾ ತಿಕ್ಕಿ ತೆಗೆದದ್ದು ಕೊಳಿ ಅಲ್ಲೇನು?"

"ಅಲ್ಲ ಅಕ್ಕ. ಸಿಂಪಿ."

"ಬೈಲಿಲ್ಲ ಯಾಕ ನೀ ನನ್ನ?"

ಮೇಡಂ ಅಕ್ಕನ ಕೈಯಿಂದ ಕಾಫಿ ಲೋಟ ತೆಗೆದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಶಿವಗಂಗಮ್ಮ ಕಲ್ಲನ್ನು ಮಡಿಲಿಗೆ ಎಳೆದುಕೊಂಡು ಆ ಪುಟ್ಟ ಸಿಂಪಿಯನ್ನು ಬೆರಳ ತುದಿಯಿಂದ ಮುಟ್ಟಿದರು. "ಪಾಪ, ಸಾಯೋತನಕ ಇದನ್ನ ಹೊತ್ಕೊಂಡೇ ತಿರುಗೇತಿ. ಭಾರ ಆಗಿರಲಿಕ್ಕಿಲ್ಲೇನು?"

"ನೀನೇ ಹೇಳಕ್ಕ" ಎಂದರು ಮೇಡಂ.

ಶಿವಗಂಗಮ್ಮ ಸೆರಗಿನಿಂದ ಕಲ್ಲನ್ನು ಒರೆಸಿದರು, ತಿಕ್ಕದೆ.